ಏಳು ನಿಮಿಷದ ಅವ್ವ

ನಮ್ಮ ತುಮಕೂರಿನಲ್ಲಿ ಈಗ ಬೀದಿಗೆ ನಾಲ್ಕು ಜನ ಫಾರಿನ್ನಿಗೆ ಹೋಗಿಬಂದವರು ಸಿಗುತ್ತಾರೆ. ಬಂದವರು ಸುಮ್ಮನಿರುತ್ತಾರೆಯೇ? ಆಲ್ಬಮ್ ಹಿಡಿದುಕೊಂಡು ಮನೆಗೇ ಬರುತ್ತಾರೆ. ಅಲ್ಲಿ ಜನ ಸಮಯಕ್ಕೆ ಎಷ್ಟು ಬೆಲೆ ಕೊಡುತ್ತಾರೆ ಎನ್ನುವುದನ್ನು ನಮ್ಮ ಸೋಫಾದ ಮೇಲೆ ಕೂತು ಎರಡು ಗಂಟೆ ವಿವರಿಸುತ್ತಾರೆ. ನನಗೆ ಆ ಯೋಗ ಬಂದಿಲ್ಲ. ಐವತ್ತೆರಡು ವರ್ಷಕ್ಕೆ ನಾನು ಮೊದಲ ಸಲ ಒಬ್ಬಳೇ ರಾಜ್ಯದ ಗಡಿ ದಾಟಿ ಹೋದದ್ದು ಹೈದರಾಬಾದಿಗೆ. ಮಾತು ಬೇರೆ, ಊಟ ಬೇರೆ, ಬಸ್ಸಿನ ಬೋರ್ಡು ಓದಲು ಬಾರದು. ನನ್ನ ಪಾಲಿಗೆ ಅದೇ ಪರದೇಶ. "ವೀಸಾ ಆಯ್ತೇನ್ರೀ ಟೀಚರ್?" ಎಂದು ಪಕ್ಕದ ಮನೆ ಜಯಮ್ಮ ಛೇಡಿಸಿದಳು. ಛೇಡಿಸಲಿ, ನನಗೇನು.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ಉಳಿದ ಹೊತ್ತಿನಲ್ಲಿ ನಮ್ಮೂರ ಚಿತ್ರ ಸಮಾಜದ ಕಾರ್ಯದರ್ಶಿ. ಸದಸ್ಯರು ಹೆಸರಿಗೆ ಬೇಕಾದಷ್ಟು, ಸಿನಿಮಾಕ್ಕೆ ಬರುವವರು ಒಂದು ಬೆಂಚಿಗಾಗುವಷ್ಟು. ಹೈದರಾಬಾದಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದ ನಮ್ಮ ಕಡೆಯ ಹುಡುಗರು ಅಲ್ಲಿನ ಒಂದು ಕನ್ನಡ ಸಂಘದ ಪರವಾಗಿ ಫೋನ್ ಮಾಡಿ, ಒಂದು ಭಾನುವಾರ ಒಳ್ಳೆಯ ಸಿನಿಮಾ ತೋರಿಸಿ ಎಂದರು. ನಾನು ಹಿಂದುಮುಂದು ನೋಡದೆ "ಅನಿಮೇಷನ್ ತರ್ತೀನಿ" ಎಂದುಬಿಟ್ಟೆ.

"ಕಾರ್ಟೂನಾ ಮೇಡಂ?"

"ಕಾರ್ಟೂನಲ್ಲ ಕಣಪ್ಪ, ಅನಿಮೇಷನ್ನು!" ಎಂದು ಗದರಿದೆ.

ಗದರಿದೆನೇ ಹೊರತು, ನಾಲ್ಕು ವರ್ಷದ ಹಿಂದೆ ನಾನೂ ಅದೇ ಗುಂಪಿನವಳು. ಬೆಂಗಳೂರಿನ ಚಿತ್ರೋತ್ಸವವೊಂದರಲ್ಲಿ ಬಿಸಿಲು ತಾಳಲಾರದೆ ತಣ್ಣಗಿದ್ದ ಯಾವುದೋ ಹಾಲಿಗೆ ನುಗ್ಗಿದ್ದೆ. ಬರೀ ಮಸಿಯಲ್ಲಿ ಬಿಡಿಸಿದ ಪುಟ್ಟ ಚಿತ್ರ ಓಡುತ್ತಿತ್ತು. ಒಬ್ಬ ಮುದಿ ಅಂಚೆಯವ, ಅವನಿಗೆ ನಿಧಾನಕ್ಕೆ ಕಣ್ಣು ಹೋಗುತ್ತಿದೆ. ಅವನಿಗೆ ಕಾಣದ್ದು ನಮಗೂ ಕಾಣುವುದಿಲ್ಲ. ಮೊದಲು ದೂರದ ಗುಡ್ಡದ ಗೆರೆ ಅಳಿಯಿತು, ಆಮೇಲೆ ಬಾಗಿಲುಗಳ ಮೇಲಿನ ನಂಬರು, ಆಮೇಲೆ ಜನರ ಮುಖ. ಕೊನೆಗೆ ಬಿಳಿ ಹಾಳೆಯ ಮೇಲೆ ಅವನ ಕೋಲಿನ ಗೆರೆಯೊಂದೇ ಉಳಿಯಿತು. ಆದರೂ ಕಾಗದಗಳನ್ನು ಸರಿಯಾದ ಮನೆಗೇ ಮುಟ್ಟಿಸುತ್ತಾನೆ, ಪುಣ್ಯಾತ್ಮ. ನಾನು ಸೆರಗು ಬಾಯಿಗೊತ್ತಿಕೊಂಡು ಅತ್ತೆ. ಇದನ್ನು ಕ್ಯಾಮೆರಾದಲ್ಲಿ ಹಿಡಿಯುವುದು ಹೇಗೆ? ಆ ಹಾಲಿನಿಂದ ಹೊರಗೆ ಬಂದವಳಿಗೆ ಹೊಸದಾಗಿ ದೀಕ್ಷೆ ತಗೊಂಡವರ ಹುಚ್ಚು ಹಿಡಿದಿತ್ತು. ಆ ಅಂಚೆಯವನ ಡಿಸ್ಕನ್ನೂ ಅಂಥವೇ ಇನ್ನೆರಡನ್ನೂ ಸೀರೆಗಳ ನಡುವೆ ಸುತ್ತಿಕೊಂಡು ಹೊರಟೆ.

ಕಾಚಿಗುಡ

ಬೆಳಿಗ್ಗೆ ಹೈದರಾಬಾದಿನ ಕಾಚಿಗುಡ ಸ್ಟೇಷನ್ನಿನಲ್ಲಿ ರೈಲು ಇಳಿದಾಗ ನನ್ನ ಎಡಗಾಲಿಗೆ ನನ್ನ ಚಪ್ಪಲಿ, ಬಲಗಾಲಿಗೆ ಯಾರದೋ ಚಪ್ಪಲಿ. ಎದುರಿನ ಸೀಟಿನ ಹೆಂಗಸು ಹಿಂದಿನ ಸ್ಟೇಷನ್ನಿನಲ್ಲೇ ಇಳಿದಿದ್ದಳು, ಪಾಪ, ಅವಳದೂ ಅದೇ ಪಾಡಾಗಿರಬೇಕು.

ಕರೆದೊಯ್ಯಲು ಬಂದವಳು ಸುಧಾ. ಮೂವತ್ತರ ಹುಡುಗಿ, ತೆಳ್ಳಗೆ, ಬೆರಳ ತುದಿಗಳೆಲ್ಲ ಪೆನ್ಸಿಲಿನ ಕಪ್ಪು. ಅಲ್ಲಿಯ ಅನಿಮೇಷನ್ ಸ್ಟುಡಿಯೋ ಒಂದರಲ್ಲಿ ಚಿತ್ರ ಬಿಡಿಸುತ್ತಾಳೆ. ನಾನು ಉಳಿಯಬೇಕಾಗಿದ್ದು ಅವಳ ಮನೆಯಲ್ಲೇ. ನನ್ನ ಕಾಲು ನೋಡಿ ನಕ್ಕು, "ಮೊದ್ಲು ಚಾ ಕುಡೀರಿ, ಆಮ್ಯಾಲೆ ಚಪ್ಪಲಿ ವಿಚಾರ" ಎಂದು ಇರಾನಿ ಹೋಟೆಲಿಗೆ ನುಗ್ಗಿದಳು. ಅಲ್ಲಿಯ ಚಹಾ ಎಷ್ಟು ಗಟ್ಟಿ ಎಂದರೆ, ನಮ್ಮ ಕಡೆ ಹಾಲನ್ನು ಅಷ್ಟು ಕಾಯಿಸಿದರೆ ಪೇಡ ಕಟ್ಟುತ್ತಾರೆ. ಪಕ್ಕದ ಮೇಜಿನ ಮುದುಕರು ಬಿಸ್ಕತ್ತನ್ನು ಅದ್ದಿ, ಅದು ಕಪ್ಪಿನೊಳಗೆ ಬೀಳುವ ಮುಂಚೆ ಬಾಯಿಗೆ ಹಾಕಿಕೊಳ್ಳುತ್ತಿದ್ದರು. ನಾನು ಅದ್ದಿದೆ, ಬಿತ್ತು. ಮುದುಕರೊಬ್ಬರು ಎದ್ದುಬಂದು ತಮ್ಮ ಚಮಚ ಕೊಟ್ಟು ಹೋದರು, ಒಂದು ಮಾತೂ ಆಡದೆ. ನಮ್ಮೂರಿನಲ್ಲಾಗಿದ್ದರೆ ನಗದೆ ಬಿಡುತ್ತಿರಲಿಲ್ಲ.

ತಾರ್ನಾಕ

ವಿಶ್ವವಿದ್ಯಾಲಯದ ಕಾಂಪೌಂಡಿನ ಆಚೆ, ಬೇವಿನ ಮರದ ಹಿಂದೆ ಮನೆ. ಸುಧಾಳ ಅಪ್ಪ ವೆಂಕಟರಾಯರು ವಿದ್ಯುತ್ ಇಲಾಖೆಯಲ್ಲಿ ಎಂಜಿನಿಯರಾಗಿದ್ದು ನಿವೃತ್ತರಾದವರು. ಅಜ್ಜನ ಕಾಲಕ್ಕೇ ಕಲಬುರಗಿಯಿಂದ ಬಂದ ಮನೆತನ. ಗೇಟಿನಲ್ಲಿ ಹಾಲಿನವನ ಹತ್ತಿರ ತೆಲುಗು, ಆಟೋದವನ ಹತ್ತಿರ ಹಿಂದಿ, ಹೊಸ್ತಿಲು ದಾಟಿದರೆ ಕನ್ನಡ. ಒಂದು ನಿಮಿಷದಲ್ಲಿ ಮೂರನ್ನೂ ಕೇಳಿ ನಾನು ದಂಗಾದೆ.

"ಬರ್ರಿ ಬರ್ರಿ ಟೀಚರ್‌ಬಾಯಿ, ಕೂಡ್ರಿ. ಪ್ರಯಾಣ ಆರಾಮಾತ?" ಎಂದು ಉಪಚರಿಸಿದರು. ಏನು ಸಿನಿಮಾ ತಂದಿರಿ ಎಂದು ಕೇಳಿದರು. ಹೇಳಿದೆ.

"ಕಾರ್ಟೂನೇನ್ರಿ? ಈ ವಯಸ್ಸಿನ್ಯಾಗ?"

ಕೋಪ ನನ್ನ ಮೂಗಿನ ತುದಿಯಲ್ಲೇ ಇರುತ್ತದೆ. ಆದರೆ ಪರರ ಮನೆ, ತಟ್ಟೆಯಲ್ಲಿ ಅವರದೇ ಉಪ್ಪಿಟ್ಟು. ನುಂಗಿಕೊಂಡೆ.

ಅವರು ಸ್ನಾನಕ್ಕೆ ಹೋದಾಗ ಸುಧಾ ಅಡುಗೆಮನೆಗೆ ಕರೆದು, ತಗ್ಗಿದ ದನಿಯಲ್ಲಿ ವಿಷಯ ಹೇಳಿದಳು. ಅವಳ ಅವ್ವ ತೀರಿಕೊಂಡು ಎರಡು ವರ್ಷ. ಆಮೇಲೆ ಹನ್ನೊಂದು ತಿಂಗಳು, ದಿನಾ ಕೆಲಸಕ್ಕೆ ಹೋಗುವ ಮುಂಚೆ ಬೆಳಗಿನ ಜಾವ ಎದ್ದು, ಸುಧಾ ಒಂದೊಂದೇ ಹಾಳೆಯಲ್ಲಿ ಅವ್ವನನ್ನು ಬಿಡಿಸಿದ್ದಾಳೆ. ಅವ್ವ ಜೋಳದ ರೊಟ್ಟಿ ಬಡಿಯುತ್ತಾಳೆ, ಅಷ್ಟೇ ಕಥೆ. ಏಳು ನಿಮಿಷದ ಚಿತ್ರ. ಅಪ್ಪ ಒಂದು ದಿನ ಹಾಳೆಗಳ ಕಟ್ಟು ನೋಡಿದರಂತೆ.

"ಏನಂದ್ರು?"

"ಕಾರ್ಟೂನಿನ್ಯಾಗ ಮಂದಿ ಬೀಳ್ತಾರ, ಚಪ್ಪಟಿ ಆಗ್ತಾರ, ಮತ್ತ ಎದ್ದು ಓಡ್ತಾರ, ಹುಡುಗ್ರು ಬಿದ್ದು ಬಿದ್ದು ನಗ್ತಾವ. ನಿಮ್ಮವ್ವನ್ನ ಅದ್ರಾಗ ಹಾಕ್ತೀಯೇನು ಅಂದ್ರು. ಆಕಿ ನಗಿಪಾಟಲಾಗಬಾರ್ದು ಅಂದ್ರು. ಅಷ್ಟೇ. ಅವತ್ತಿಂದ ಅವ್ವನ ಹೆಸರೂ ಎತ್ತಿಲ್ಲ." ಅಪ್ಪ ಒಪ್ಪದೆ ಯಾರಿಗೂ ತೋರಿಸುವುದಿಲ್ಲ ಎಂದು ಅವಳು ಮಾತು ಕೊಟ್ಟಿದ್ದಳು. "ಭಾನುವಾರ ನಿಮ್ಮ ಸಿನಿಮಾದ ಜೋಡಿ ಇದನ್ನೂ ತೋರಸ್ಬೇಕು ಅಂತ ಆಸೆ ಐತ್ರಿ. ನೀವು ಹಿರೇರು, ಒಂದ್ಮಾತು ಕೇಳಿ ನೋಡ್ರಿ."

ನಾನು ಎದೆ ತಟ್ಟಿಕೊಂಡು ಒಪ್ಪಿಕೊಂಡೆ. ಮರುದಿನ ತಿಂಡಿಯ ಹೊತ್ತಿಗೆ ಪೀಠಿಕೆ ಹಾಕಿದೆ. ಅನಿಮೇಷನ್ ಎಂದರೆ ಕಲೆ, ಜಗತ್ತೇ ಈಗ ಅದನ್ನು ಬೇರೆ ಕಣ್ಣಿನಿಂದ ನೋಡುತ್ತಿದೆ ಎಂದೆಲ್ಲ ತರಗತಿಯಲ್ಲಿ ಪಾಠ ಮಾಡುವ ಹಾಗೆ ಒದರಿದೆ. ರಾಯರು ತಾಳ್ಮೆಯಿಂದ ಕೇಳುತ್ತಿದ್ದರು. ಅಲ್ಲಿಗೇ ನಿಲ್ಲಿಸಬೇಕಿತ್ತು. ಈ ಹಾಳು ಬಾಯಿ ಕೇಳಬೇಕಲ್ಲ! "ನಿಮ್ಮ ಮನೆಯವರನ್ನ ನೋಡಿ ಜನ ಚಪ್ಪಾಳೆ ತಟ್ತಾರೆ ರಾಯರೇ" ಎಂದೆ.

"ಚಪ್ಪಾಳಿ ತಟ್ಟಾಕ ಆಕಿ ಏನ್ ಸರ್ಕಸ್ ಮಾಡಿಲ್ರಿ" ಎಂದು ಅವರು ಪೇಪರನ್ನು ಮುಖಕ್ಕೆ ಅಡ್ಡ ಹಿಡಿದರು. ಸುಧಾ ನನ್ನ ತಟ್ಟೆಗೆ ಇನ್ನೊಂದು ಇಡ್ಲಿ ಹಾಕಿ ಒಳಗೆ ಹೋದಳು.

ಸ್ಟುಡಿಯೋ

ಅವತ್ತು ಶನಿವಾರ, ಸುಧಾಳ ಜೊತೆ ಸ್ಟುಡಿಯೋಗೆ ಹೋದೆ. ದಾರಿಯುದ್ದಕ್ಕೂ ಕಂಪ್ಯೂಟರ್ ಕಲಿಸುವ ಬೋರ್ಡುಗಳು. ಬಂಡೆಗಳನ್ನು ಒಡೆದ ಕಡೆಯಲ್ಲೆಲ್ಲ ಗಾಜಿನ ಕಟ್ಟಡಗಳು ಏಳುತ್ತಿದ್ದವು. ಸ್ಟುಡಿಯೋದೊಳಗೆ ಐವತ್ತು ಮೇಜು, ಪ್ರತಿ ಮೇಜಿನ ಮೇಲೂ ಒಂದು ಕನ್ನಡಿ. ಇವರೆಲ್ಲ ಇಷ್ಟು ಶೋಕಿಯವರೇ ಎಂದುಕೊಂಡೆ. ಹಾಗಲ್ಲವಂತೆ. ಬಿಡಿಸಬೇಕಾದ ಪ್ರಾಣಿ ಅಳಬೇಕಾದರೆ ಮೊದಲು ಇವರು ಕನ್ನಡಿಯ ಮುಂದೆ ಅಳುತ್ತಾರೆ, ಆ ಮುಖವನ್ನು ನೋಡಿಕೊಂಡು ಗೆರೆ ಎಳೆಯುತ್ತಾರೆ. ಒಬ್ಬ ದೊಡ್ಡ ಮೀಸೆಯ ಗೃಹಸ್ಥ ಕನ್ನಡಿಗೆ ಮುದ್ದುಮುದ್ದಾಗಿ ಹಲ್ಲು ಕಿರಿಯುತ್ತಿದ್ದ. ಅವನು ಅಳಿಲು.

ಕೆಲಸ ಬರುವುದು ಪರದೇಶದಿಂದ. ಅಲ್ಲಿಯವರು ಮುಖ್ಯ ಚಿತ್ರಗಳನ್ನು ಬಿಡಿಸಿ ಕಳಿಸಿದರೆ, ನಡುನಡುವಿನ ನೂರಾರು ಚಿತ್ರಗಳನ್ನು ಇವರು ತುಂಬಬೇಕು. ಸುಧಾ ಒಂದು ವರ್ಷದಿಂದ ಒಂದೇ ಮೊಲದ ಜೊತೆ ಸಂಸಾರ ಮಾಡುತ್ತಿದ್ದಳು. ಒಮ್ಮೆ ಆ ಮೊಲ "ಹೌದು" ಎಂದು ತಲೆಯಾಡಿಸಬೇಕಿತ್ತಂತೆ. ಇವಳು ಕನ್ನಡಿ ನೋಡಿಕೊಂಡು, ನಾವು ಆಡಿಸುವ ಹಾಗೆ ತಲೆಯನ್ನು ಆ ಭುಜಕ್ಕೂ ಈ ಭುಜಕ್ಕೂ ತೂಗಿಸಿದಳು. ಹೌದೆನ್ನಲು ತಲೆಯನ್ನು ಮೇಲೆಕೆಳಗೆ ಆಡಿಸುವ ಪರದೇಶದ ಸಾಹೇಬರು ವಾಪಸ್ ಕಳಿಸಿದರು. ಇನ್ನೂ ನಯವಾಗಿ ತೂಗಿಸಿದಳು. ಮತ್ತೆ ವಾಪಸ್, "ಮೊಲಕ್ಕೆ ಮೈ ಸರಿಯಿಲ್ಲವೇ?" ಎಂಬ ಪ್ರಶ್ನೆಯ ಸಮೇತ. ನಾನು ನಕ್ಕೂ ನಕ್ಕೂ ಕಣ್ಣೀರು ಒರೆಸಿಕೊಂಡೆ. ಬೆಳಗಿನಿಂದ ಅವಳ ಮುಖ ಅರಳಿದ್ದು ಆಗಲೇ.

ಕೋಠಿ

ಸಂಜೆ ಕೋಠಿಯ ಮಾರುಕಟ್ಟೆಗೆ ಹೋದೆವು, ನನಗೆ ಚಪ್ಪಲಿ, ನಾಳೆಯ ಪ್ರದರ್ಶನಕ್ಕೆ ಸ್ಪೀಕರಿನ ವೈರು ಕೊಳ್ಳಲು. ಅಬ್ಬಾ, ಆ ಜನಸಂದಣಿ! ನಮ್ಮ ಮಂಡಿಪೇಟೆಯ ಹತ್ತರಷ್ಟು. ಪುಸ್ತಕದ ರಾಶಿ, ಸೀರೆಯ ರಾಶಿ, ಔಷಧಿ ಅಂಗಡಿಗಳ ಸಾಲು, ನಡುವೆ ನುಗ್ಗುವ ಬಸ್ಸು. ವೈರಿನ ಅಂಗಡಿಯವನು ನಾನು ಬಾಯಿ ತೆರೆಯುವ ಮುಂಚೆಯೇ "ಕ್ಯಾ ಹೋನಾ ಅಮ್ಮಾ?" ಎಂದ. ನನಗೆ ಬರುವ ಹಿಂದಿಯಲ್ಲಿ ಬೇಕಾದ್ದನ್ನು ಹೇಳಿದೆ. ಅವನು ಫ್ಯಾನಿನ ರೆಗ್ಯುಲೇಟರ್ ತಂದಿಟ್ಟ. ಸುಧಾ "ಯೇ ನಕ್ಕೋ ಭಯ್ಯಾ" ಎಂದು ವಾಪಸು ಮಾಡಿ ವೈರು ತೆಗೆಸಿದಳು.

ಹಳೆಯ ಪುಸ್ತಕಗಳ ಅಂಗಡಿಯ ಮೆಟ್ಟಿಲ ಮೇಲೆ ಕೂತು ಕಬ್ಬಿನ ಹಾಲು ಕುಡಿದೆವು. ನಾಳೆ ಕೊನೆಯ ಗಳಿಗೆಯಲ್ಲಿ ಅಪ್ಪನಿಗೆ ತಿಳಿಸದೆ ಹಾಕಿಬಿಡೋಣವೇ ಎಂದು ಕೇಳಿದೆ. ಅವಳು ಬೇಡವೇ ಬೇಡ ಎಂದಳು.

"ಅವ್ವಂದು ಒಂದೇ ಫೋಟೋ ಐತ್ರಿ ನಮ್ಮನ್ಯಾಗ. ಗುರುತಿನ ಚೀಟಿಗೆ ತಗಿಸಿದ್ದು. ಅದ್ರಾಗ ಆಕಿ ಹೆದರಿದಂಗ ಕಾಣ್ತಾಳ. ಆಕಿ ಹಂಗಿರ್ಲೇ ಇಲ್ಲ. ಆಕಿ ಕೈ ಆಡ್ಸೂದು, ಕುತ್ತಿಗಿ ತಿರುಗ್ಸೂದು ಎಲ್ಲಾ ಮರೀತಾ ಹೊಂಟಿತ್ತು ನಂಗ. ಅದಕ್ಕ ಬಿಡಿಸ್ದೆ. ಮಂದಿ ನೋಡ್ಲಿ ಅಂತಲ್ಲ, ಅಪ್ಪ ನೋಡ್ಲಿ ಅಂತ. ಈ ಡಿಸ್ಕು ಯಾವಾಗ್ಲೂ ಚೀಲದಾಗ ಇರ್ತೈತಿ. ಅಪ್ಪ ಇಲ್ಲಾ ಅಂದ್ರ ಅಲ್ಲೇ ಇರ್ಲಿ."

ಇನ್ನೊಂದು ಲೋಟ ಕಬ್ಬಿನ ಹಾಲು ತರಿಸಿದೆ.

ಭಾನುವಾರದ ಹಾಲ್

ಬೆಳಿಗ್ಗೆ ಹತ್ತಕ್ಕೆ ಹಾಲಿನ ಮುಂದೆ ನಿಂತ ನನಗೆ ಎದೆ ಧಸಕ್ಕೆಂದಿತು. ಒಂದರ ಹಿಂದೊಂದು ಸ್ಕೂಟರು, ಕಾರು. ಪ್ರತಿಯೊಂದರಿಂದ ಮಕ್ಕಳು ಇಳಿಯುತ್ತಿವೆ, ಅಪ್ಪಅಮ್ಮಂದಿರು ಇಳಿಯುತ್ತಿಲ್ಲ. "ಒಂದು ಗಂಟೆ ಬಿಟ್ಟು ಬಂದು ಕರ್ಕೊಂಡು ಹೋಗ್ತೀವಿ ಮೇಡಂ, ಕೋಠೀಲಿ ಸ್ವಲ್ಪ ಶಾಪಿಂಗಿದೆ" ಎಂದು ಟಿಫಿನ್ ಡಬ್ಬಿ ನನ್ನ ಕೈಗಿಟ್ಟು ಹೊರಟೇಹೋದರು. ಗೋಡೆ ನೋಡಿದರೆ ಇಷ್ಟುದ್ದದ ಬಣ್ಣದ ಪೋಸ್ಟರು: "ಕಾರ್ಟೂನ್ ಹಬ್ಬ! ಪುಟಾಣಿಗಳಿಗೆ ಸ್ವಾಗತ!" ಬರೆದವನು ಸಂಘದ ಕಾರ್ಯದರ್ಶಿ ಪ್ರಶಾಂತ, ಉಡುಪಿಯ ಹುಡುಗ, ಪ್ರೊಜೆಕ್ಟರನ್ನು ಆಫೀಸಿನಿಂದ ಕೇಳಿ ತಂದವನು.

"ಏನೋ ಇದು?" ಎಂದು ಕಿರುಚಿದೆ.

"ಅನಿಮೇಷನ್ ಅಂತ ಬರೆದ್ರೆ ಒಂದು ನರಪಿಳ್ಳೆ ಬರ್ಲಿಕ್ಕಿಲ್ಲ ಮಾರಾಯ್ರೆ. ಈಗ ನೋಡಿ, ಹಾಲ್ ಫುಲ್!"

ಹಾಲ್ ಫುಲ್ ನಿಜ. ಜಮಖಾನೆಯ ಮೇಲೆ ಐವತ್ತು ಮಕ್ಕಳು, ಕಿವಿ ಹರಿಯುವ ಗಲಾಟೆ, ನನ್ನ ಕೈಯಲ್ಲಿ ಕಣ್ಣು ಹೋದ ಮುದುಕನ ಸಿನಿಮಾ. ದೊಡ್ಡವರೆಂದರೆ ನಾನು, ಸುಧಾ, ಪ್ರಶಾಂತ ಮತ್ತು ದೀಪ ಹಚ್ಚಲು ಬಂದಿದ್ದ ರಾಯರು. ಸಂಘದ ಯಾವ ಕಾರ್ಯಕ್ರಮವಿರಲಿ, ಹಿರಿಯ ಸದಸ್ಯರಾದ ರಾಯರು ದೀಪ ಹಚ್ಚಿ, ಎರಡು ಮಾತಾಡಿ, ಊಟದ ಹೊತ್ತಿಗೆ ಮನೆ ಸೇರುವುದು ವಾಡಿಕೆಯಂತೆ. ಅವತ್ತು ಹೊರಟವರ ಪಂಚೆಯನ್ನು ನಾಲ್ಕು ವರ್ಷದ ಒಂದು ಹೆಣ್ಣುಮಗು ಹಿಡಿದುಕೊಂಡಿತು. ಅಮ್ಮ ಬೇಕು ಎಂದು ಅದರ ರಾಗ. ರಾಯರು ಆ ಕಡೆ ಈ ಕಡೆ ನೋಡಿ, "ತೆಲುಗಮ್ಮಾಯೀನಾ? ಕನ್ನಡಾನಾ? ಬಾ ಇಲ್ಲೆ" ಎಂದು ಅದನ್ನು ತೊಡೆಯ ಮೇಲೆ ಕೂರಿಸಿಕೊಂಡು ಜಮಖಾನೆಯ ಮೇಲೇ ಕುಳಿತರು.

ದೇವರ ಮೇಲೆ ಭಾರ ಹಾಕಿ ಅಂಚೆಯವನನ್ನು ಹಾಕಿದೆ. ಮೊದಲ ಎರಡು ನಿಮಿಷ ಗದ್ದಲವೋ ಗದ್ದಲ. "ಬಣ್ಣ ಎಲ್ಲಿ ಆಂಟೀ?" ಎಂದು ಒಬ್ಬ, "ಸೂಸೂ" ಎಂದು ಇನ್ನೊಬ್ಬ. ಗುಡ್ಡದ ಗೆರೆ ಅಳಿದಾಗ ಒಬ್ಬಳು "ಏಯ್, ಗುಡ್ಡ ಹೋಯ್ತು!" ಎಂದಳು. ಅಲ್ಲಿಂದ ಮಕ್ಕಳಿಗೆ ಅದೊಂದು ಕೆಲಸವಾಯಿತು: ಏನೇನು ಹೋಯಿತು ಎಂದು ಕಂಡುಹಿಡಿಯುವುದು. ನಂಬರು ಹೋಯ್ತು. ನಾಯಿ ಹೋಯ್ತು. ಮುಖ ಹೋದಾಗ ಮಾತ್ರ ಯಾರೂ ಏನೂ ಅನ್ನಲಿಲ್ಲ. ಕೋಲಿನ ಒಂದೇ ಗೆರೆ ಬಿಳಿಯ ಮೇಲೆ ತಡವರಿಸುತ್ತ ಹೋಗುವಾಗ ರಾಯರ ತೊಡೆಯ ಮೇಲಿದ್ದ ಮಗು ಕೇಳಿತು, "ತಾತಾ, ಅವ್ರನ್ನ ಯಾರು ಮನೆಗೆ ಕರ್ಕೊಂಡು ಹೋಗ್ತಾರೆ?"

ರಾಯರು ಅದರ ತಲೆ ಸವರಿದರು. ಮಕ್ಕಳನ್ನೇ ನೋಡುತ್ತಿದ್ದರು. ಮುದುಕ ಎಡವಿ ಬಿದ್ದಾಗಲೂ ಒಂದು ಮಗುವೂ ನಕ್ಕಿರಲಿಲ್ಲ. ದೀಪ ಹಾಕಿದೆವು. ನಾನು ಎರಡನೆಯ ಡಿಸ್ಕಿಗೆ ಕೈಹಾಕಿದಾಗ ರಾಯರು ಕೂತಲ್ಲಿಂದಲೇ ಕರೆದರು.

"ಸುಧಾ. ನಿಂದು ತಂದೀಯೇನು?"

"ಹೂಂ ಅಪ್ಪಾ."

"ಹಾಕು."

ಅವಳು ಚೀಲದಿಂದ ಡಿಸ್ಕು ತೆಗೆದು ನನ್ನ ಕೈಗಿಟ್ಟಳು, ನಾನೇ ಹಾಕಿದೆ.

ಪೆನ್ಸಿಲಿನ ಅಡುಗೆಮನೆ. ಕಿಟಕಿ, ಒಲೆ, ನೆಲದ ಮೇಲೆ ರೊಟ್ಟಿ ಬಡಿಯುವ ಮರದ ಹರಿವಾಣ, ಕೊಣಮಿಗೆ. ಒಬ್ಬ ಹೆಂಗಸು ಬಂದು ಕೂತು ಹಿಟ್ಟು ನಾದುತ್ತಾಳೆ. ಮುಖಕ್ಕೆ ಹೆಚ್ಚು ಗೆರೆಗಳಿಲ್ಲ. ರೊಟ್ಟಿ ಬಡಿಯುವ ತಪ್ ತಪ್ ಸದ್ದು. ಸುಧಾ ತನ್ನ ಅಂಗೈಯನ್ನೇ ಬಡಿದು ಆ ಸದ್ದು ಹಿಡಿದಿದ್ದಳಂತೆ. ಕೈತುಂಬ ಹಿಟ್ಟಾದ್ದರಿಂದ ಮುಂದಲೆಯ ಕೂದಲನ್ನು ಮೊಣಕೈಯಿಂದ ಸರಿಸುತ್ತಾಳೆ. ಬಾಗಿಲ ಕಡೆ ತಿರುಗಿ ಹುಬ್ಬು ಏರಿಸಿ "ಇನ್ನೊಂದು?" ಎಂದು ಮಾತಿಲ್ಲದೆ ಕೇಳುತ್ತಾಳೆ. ರೊಟ್ಟಿ ಉಬ್ಬುತ್ತದೆ. ಮಕ್ಕಳು ತಮಗೆ ಗೊತ್ತಿಲ್ಲದೆಯೇ ತೊಡೆಯ ಮೇಲೆ ತಪ್ ತಪ್ ಬಡಿಯತೊಡಗಿದವು. ಕೊನೆಯಲ್ಲಿ ಅವಳು ಅಂಚು ಹರಿದ ರೊಟ್ಟಿಯನ್ನು ತನಗೆ ಇಟ್ಟುಕೊಂಡು ಗೋಡೆಗೊರಗಿ ತಿನ್ನುತ್ತಾಳೆ, ಏನೋ ನೆನೆಸಿಕೊಂಡು ನಗುತ್ತಾಳೆ. ಅಷ್ಟೇ.

ದೀಪ ಬಂತು. ಸುಧಾ ಗೋಡೆಗೆ ಅಂಟಿಕೊಂಡು ನಿಂತಿದ್ದಳು. ರಾಯರು ಬಿಳಿಯ ಪರದೆಯ ಕಡೆ ಬೆರಳು ತೋರಿಸಿ, "ತಪ್ಪೈತಿ" ಎಂದರು.

"ಏನಪ್ಪಾ?"

"ಕೈ. ಎಡಗೈಲೆ ಬಡಿಯಾಕತ್ತಾಳ. ನಮ್ಮ ಶಾಂತಾ ಬಲಗೈಲೆ ಬಡೀತಿದ್ದಳು."

ಸುಧಾ ಬಾಯಿ ಮೇಲೆ ಕೈಯಿಟ್ಟುಕೊಂಡಳು. ಅಯ್ಯೋ ಶಿವನೇ, ಆ ಕನ್ನಡಿ! ಹನ್ನೊಂದು ತಿಂಗಳೂ ಸ್ಟುಡಿಯೋದ ಹಾಗೇ ಮನೆಯಲ್ಲೂ ಕನ್ನಡಿಯ ಮುಂದೆ ತಾನು ಬಲಗೈ ಆಡಿಸಿ, ಅದರಲ್ಲಿ ಕಂಡದ್ದನ್ನು ಕಂಡ ಹಾಗೇ ಹಾಳೆಗಿಳಿಸಿದ್ದಳು. ಕನ್ನಡಿಯೊಳಗಿನವಳ ಬಲಗೈ ಎಡಗೈಯಾಗಿತ್ತು. ಸ್ಟುಡಿಯೋದ ಮೊಲ ಯಾವ ಕೈಯಲ್ಲಿ ಗಜ್ಜರಿ ತಿಂದರೂ ಕೇಳುವವರಿರಲಿಲ್ಲ, ಹಾಗಾಗಿ ಆ ಎಚ್ಚರ ಅವಳಿಗೆ ಅಭ್ಯಾಸವಾಗಿರಲಿಲ್ಲ. ಇಷ್ಟೆಲ್ಲ ಅವಳು ತೊದಲುತ್ತ ಹೇಳುವಷ್ಟರಲ್ಲಿ ಪ್ರಶಾಂತ ಮುಂದೆ ಬಂದ. "ಅದೆಂಥದು ಅಂಕಲ್, ಕಂಪ್ಯೂಟರಿನಲ್ಲಿ ಒಂದು ಗುಂಡಿ ಒತ್ತಿದ್ರೆ ಇಡೀ ಚಿತ್ರ ಮಗುಚ್ತದೆ. ಬಲಗೈ ಆಗ್ತದೆ."

"ಹಂಗ ಮಾಡಿದ್ರ ಒಲಿ ಎಡಕ್ಕ ಹೋಗ್ತೈತಪ್ಪಾ, ಕಿಟಕಿ ಈ ಕಡಿ ಬರ್ತೈತಿ. ಆಕಿ ಅಂಥಾ ಅಡಿಗಿಮನ್ಯಾಗ ಕೂತೇ ಇಲ್ಲ" ಎಂದರು ರಾಯರು. ಮಗುವನ್ನು ಕೆಳಗಿಳಿಸಿ, ಪಂಚೆ ಸರಿಮಾಡಿಕೊಂಡು, ಐವತ್ತು ಮಕ್ಕಳ ಮುಂದೆ ಚಕ್ಕಂಬಕ್ಕಲ ಹಾಕಿ ಕೂತರು. "ನೋಡಿಲ್ಲೆ. ಹಿಂಗ. ಎಡಗೈ ಬರೇ ತಿರುವಾಕ. ಬಲಗೈ ಮ್ಯಾಲಿಂದ ಬರ್ಬೇಕು. ಶಾಂತಾ ಬಡಿಯೂ ಮುಂದ ಬಳಿ ಹಿಂದ ಸರಸ್ತಿದ್ದಳು, ಹಿಂಗ."

ಎಪ್ಪತ್ತರ ಅಜ್ಜ ಗಾಳಿಯಲ್ಲಿ ರೊಟ್ಟಿ ಬಡಿದು, ಇಲ್ಲದ ಬಳೆ ಸರಿಸಿದ್ದು ಕಂಡು ಮಕ್ಕಳು ಹೋ ಎಂದು ನಕ್ಕವು. ನನ್ನ ಜೀವ ಹಾರಿಹೋಯಿತು. ರಾಯರು ಕೈ ನಿಲ್ಲಿಸಲಿಲ್ಲ. "ನಗ್ರಿ, ನಗ್ರಿ. ಶಾಂತಾನೂ ನಗ್ತಿದ್ದಳು ನಂಗ ನೋಡಿ" ಎಂದರು. ಕೋಠಿಯಿಂದ ಮರಳಿದ ಅಪ್ಪಅಮ್ಮಂದಿರು ಬಾಗಿಲಲ್ಲಿ ಚೀಲ ಹಿಡಿದು ನಿಂತು ಏನಾಗುತ್ತಿದೆ ಎಂದು ಬಗ್ಗಿ ನೋಡುತ್ತಿದ್ದರು. ನನ್ನ ಉಳಿದೆರಡು ಸಿನಿಮಾ ಪೆಟ್ಟಿಗೆಯಲ್ಲೇ ಉಳಿದವು.

ಸೋಮವಾರ

ಬೆಳಿಗ್ಗೆ ಎದ್ದಾಗ ಅಡುಗೆಮನೆಯಿಂದ ಸುಟ್ಟ ವಾಸನೆ. ಹೋಗಿ ನೋಡಿದರೆ ರಾಯರು ನೆಲದ ಮೇಲೆ ಕೂತು ಹಿಟ್ಟಿನಲ್ಲಿ ಮೊಣಕೈವರೆಗೂ ಮುಳುಗಿದ್ದಾರೆ. ಎದುರಿಗೆ ಸುಧಾ, ತೊಡೆಯ ಮೇಲೆ ಹಲಗೆ, ಹಲಗೆಯ ಮೇಲೆ ಹಾಳೆ. ಮತ್ತೆ ಮೊದಲಿನಿಂದ ಬಿಡಿಸುತ್ತಾಳಂತೆ, ಈ ಸಲ ಅಪ್ಪನನ್ನು ನೋಡಿಕೊಂಡು. ಇನ್ನೊಂದು ವರ್ಷ ಹಿಡಿದರೂ ಹಿಡಿಯಲಿ ಎಂದಳು. ಆಫೀಸಿಗೆ ತಡವಾಗುತ್ತಿದ್ದರೂ ಇಬ್ಬರಿಗೂ ಅದರ ಪರಿವೆ ಇರಲಿಲ್ಲ.

"ಭಾಳ ಜಲ್ದಿ ಬಡಿಯಾಕತ್ತೀಯಪ್ಪಾ, ಸಾವಕಾಶ."

"ಏಯ್, ಆಕಿ ಇದಕಿಂತ ಜಲ್ದಿ ಬಡೀತಿದ್ದಳು."

ಗಂಡಸರು ಅಡುಗೆಮನೆಗೆ ಬಂದರೆ ಹೇಗಿರುತ್ತದೋ ಹಾಗೇ ಇತ್ತು, ಗೋಡೆಯ ಮೇಲೂ ಹಿಟ್ಟು. ಎರಡು ರೊಟ್ಟಿ ಹರಿದವು. ಮೂರನೆಯದು ಹೇಗೋ ಹಂಚು ಸೇರಿತು. ಅದನ್ನು ಮಗುಚಲು ಸೌಟು ಕೊಡಹೋದೆ. "ಬ್ಯಾಡ್ರಿ, ಶಾಂತಾ ಬೆರಳಿಲೇ ತಿರುವ್ತಿದ್ದಳು" ಎಂದು ರಾಯರು ಬಲಗೈ ನೀಡಿದರು. "ಹಾ!" ಎಂದು ಕೈಯನ್ನು ಹಿಂದಕ್ಕೆಳೆದುಕೊಂಡರು. ಸುಧಾ ಪೆನ್ಸಿಲ್ ಬಿಸಾಡಿ ಎದ್ದು, ಅವರ ಕೈಯನ್ನು ನಲ್ಲಿಯ ಕೆಳಗೆ ಹಿಡಿದಳು. ನೀರು ಬೀಳುತ್ತಲೇ ಇತ್ತು. ರಾಯರು ತಮ್ಮ ಕೆಂಪಾದ ಬೆರಳುಗಳನ್ನು ನೋಡುತ್ತ ನಿಂತರು. ಆಮೇಲೆ ನನ್ನ ಕಡೆ ತಿರುಗಿದರು, ಕಣ್ಣು ತುಂಬಿತ್ತು.

"ನಲವತ್ತು ವರ್ಷ ಉಂಡೀನ್ರಿ ಟೀಚರ್‌ಬಾಯಿ. ಯಾವ ಕೈಲೆ ಬಡೀತಿದ್ದಳು ಅನ್ನೂದು ಗೊತ್ತಿತ್ತು. ಕೈ ಸುಡ್ತೈತಿ ಅನ್ನೂದು ಗೊತ್ತಿರ್ಲಿಲ್ಲ."